ಋಣಸ್ಮರಣೆ: ರೊಕೇಯಾ ಸಖಾವತ್ ಹುಸೇನರೂ ಅವರ ಗುರುಗಳೂ

‘ಕೃತಜ್ಞತೆ’ ಎಂಬ ಶಬ್ದವನ್ನು ನಾವು ಸಭೆ ಸಮಾರಂಭಗಳ ಕೊನೆಯಲ್ಲಿ, ವಂದನಾರ್ಪಣೆಯ ಜೊತೆಯಲ್ಲಿ, ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ ಅದರ ಅರ್ಥದ ಕಡೆಗೆ ನಮ್ಮ ಲಕ್ಷ್ಯ ಹೋಗುವುದೇ ಅಪರೂಪ. ‘ಕೃತ’ವೆಂದರೆ ಮಾಡಲ್ಪಟ್ಟದ್ದು, ‘ಜ್ಞ’ ಎಂದರೆ ಬಲ್ಲವನು. ತನಗಾಗಿ ಮತ್ತೊಬ್ಬರು ಮಾಡಿದುದನ್ನು ಬಲ್ಲವನೇ ಕೃತಜ್ಞ. ಇದಕ್ಕೆ ವಿರುದ್ಧವಾದ ‘ಕೃತಘ್ನ’ ಶಬ್ದದಲ್ಲಿರುವ ‘ಘ್ನ’ಕ್ಕೆ ಕೊಲ್ಲುವವನು ಎಂದರ್ಥ. ಶಬ್ದವನ್ನು ಕಟ್ಟಿದ ಹಿರಿಯರ ದೃಷ್ಟಿ ಇಲ್ಲಿ ಗಮನಾರ್ಹವಾದುದು. ಉಪಕಾರವನ್ನು ಮರೆತವನು ಕೇವಲ ಮರೆಗುಳಿಯಲ್ಲ, ಒಂದು ಒಳ್ಳೆಯ ಕಾರ್ಯವನ್ನು ಅದು ಬೆಳೆಯುವ ಮೊದಲೇ ಕೊಂದವನು. ಹಾಗಾದರೆ ಕೃತಜ್ಞನಾದವನು ಅದನ್ನು ಬದುಕಿಸಬೇಕು, ಬೆಳೆಸಬೇಕು ಎಂಬುದು ತಾನಾಗಿಯೇ ಸಿದ್ಧವಾಗುತ್ತದೆ.

ಮನುಷ್ಯನು ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆಂದು ವೈದಿಕ ವಾಙ್ಮಯ ಹೇಳುತ್ತದೆ. ದೇವಋಣ ಯಜ್ಞದಿಂದ ತೀರುತ್ತದೆ, ಪಿತೃಋಣ ಸಂತಾನದಿಂದ ತೀರುತ್ತದೆ, ಋಷಿಋಣ ಅಧ್ಯಯನದಿಂದ ತೀರುತ್ತದೆ. ಈ ಮೂರನೆಯದರಲ್ಲಿ ಒಂದು ವಿಶೇಷವುಂಟು. ಸಾಲ ಕೊಟ್ಟವರು ಹಿಂದಿನವರು, ತೀರಿಸಬೇಕಾದದ್ದು ಮುಂದಿನವರಿಗೆ. ವಿದ್ಯೆಯನ್ನು ಗುರುವಿಗೆ ಹಿಂದಿರುಗಿಸುವುದು ಸಾಧ್ಯವಿಲ್ಲ. ಅದನ್ನು ಕಲಿತು ಮತ್ತೊಬ್ಬರಿಗೆ ದಾಟಿಸಿದಾಗಲೇ ಲೆಕ್ಕ ಚುಕ್ತವಾಗುತ್ತದೆ. ಆದರೆ ಈ ಋಣತ್ರಯದ ಮಾತನ್ನು ಹೇಳಿದ ಕಾಲದಲ್ಲಿ ಅಧ್ಯಯನದ ಅಧಿಕಾರ ಕೆಲವರಿಗೆ ಮಾತ್ರ ಇದ್ದಿತೆಂಬುದನ್ನೂ ನಾವು ಮುಚ್ಚಿಡಬೇಕಾಗಿಲ್ಲ. ಕಲಿಯುವ ಹಕ್ಕೇ ಇಲ್ಲದವಳಿಗೆ ಯಾರಾದರೂ ಕದ್ದುಮುಚ್ಚಿ ನಾಲ್ಕು ಅಕ್ಷರ ಕಲಿಸಿದರೆ ಆ ಋಣದ ತೂಕವೆಷ್ಟು? ಅದನ್ನು ಆಕೆ ತೀರಿಸುವ ಬಗೆ ಯಾವುದು? ಈ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ಹುಡುಕುವುದಕ್ಕಿಂತ ಒಂದು ಜೀವನದಲ್ಲಿ ಹುಡುಕುವುದು ಮೇಲು. ವಂಗದೇಶದ ಮುಸ್ಲಿಂ ಬಾಲಿಕೆಯರ ವಿದ್ಯಾಭ್ಯಾಸಕ್ಕೆ ತಮ್ಮ ಆಯುಷ್ಯವನ್ನು ಮುಡಿಪಾಗಿಟ್ಟ ಶ್ರೀಮತಿ ರೊಕೇಯಾ ಸಖಾವತ್ ಹುಸೇನರದು ಅಂಥ ಜೀವನ.

ಮನೆಯ ಗೋಡೆಗಳು

ರೊಕೇಯಾ ಅವರು 1880ರಲ್ಲಿ ಆಗಿನ ಬಂಗಾಳ ಪ್ರಾಂತದ ರಂಗಪುರ ಜಿಲ್ಲೆಯ ಪೈರಾಬಂದ್ ಎಂಬ ಗ್ರಾಮದಲ್ಲಿ ಜನಿಸಿದರು. ಆ ಪ್ರದೇಶ ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಜಹೀರುದ್ದೀನ್ ಸಾಬೆರರು ಜಮೀನ್ದಾರರು. ಹಲವು ಭಾಷೆಗಳನ್ನು ಬಲ್ಲ ವಿದ್ವಾಂಸರು. ಗಂಡುಮಕ್ಕಳನ್ನು ಕಲಕತ್ತೆಯ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಕಳುಹಿಸಿದರು. ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಮಾತ್ರ ಕುರಾನ್ ಪಠನ, ಸ್ವಲ್ಪ ಉರ್ದು ಹಾಗೂ ಪಾರ್ಸಿ. ಮನೆಯಾಚೆ ಜನರಾಡುತ್ತಿದ್ದ ಬಂಗಾಳಿಯಾಗಲಿ, ಆಳುವವರ ಇಂಗ್ಲಿಷಾಗಲಿ ಕುಲೀನ ಮನೆತನದ ಹೆಣ್ಣುಮಕ್ಕಳಿಗೆ ಸಲ್ಲದೆಂಬುದು ಆ ವರ್ಗದ ನಂಬಿಕೆಯಾಗಿತ್ತು.

ಐದನೆಯ ವಯಸ್ಸಿನಿಂದಲೇ ತಾವು ಪರದೆಯೊಳಗೆ ಇರಬೇಕಾಯಿತೆಂದೂ, ಗಂಡಸರಿಂದಷ್ಟೇ ಅಲ್ಲ, ಮನೆಗೆ ಬರುವ ಪರಿಚಯವಿಲ್ಲದ ಹೆಂಗಸರಿಂದಲೂ ಅಡಗಿಕೊಳ್ಳಬೇಕಾಗುತ್ತಿತ್ತೆಂದೂ ಅವರು ಮುಂದೆ ಬರೆದಿದ್ದಾರೆ. ಅದೇ ವಯಸ್ಸಿನಲ್ಲಿ ತಾಯಿಯೊಡನೆ ಕಲಕತ್ತೆಯಲ್ಲಿದ್ದಾಗ ಒಬ್ಬ ಯುರೋಪಿಯನ್ ಮಹಿಳೆಯಿಂದ ಕೆಲವು ದಿನ ಪಾಠವಾಯಿತು. ಬಂಧುಗಳ ಟೀಕೆಗೆ ಅಂಜಿ ಅದನ್ನೂ ನಿಲ್ಲಿಸಲಾಯಿತು. ಶಾಲೆಯ ಮೆಟ್ಟಿಲನ್ನು ವಿದ್ಯಾರ್ಥಿನಿಯಾಗಿ ಒಮ್ಮೆಯೂ ಏರದ ಈ ಬಾಲೆಗೆ ಮುಂದೆ ದೊರೆತ ಗುರುಗಳು ಮೂವರು. ಮೂವರಲ್ಲಿ ಒಬ್ಬರೂ ವೃತ್ತಿಯಿಂದ ಉಪಾಧ್ಯಾಯರಲ್ಲ. ಅಕ್ಕ, ಅಣ್ಣ, ಪತಿ: ಇವರೇ ಆ ಮೂವರು.

ಅಕ್ಕನ ಋಣ

ಅಕ್ಕ ಕರೀಮುನ್ನೀಸಾ ಅವರು 1855ರಲ್ಲಿ ಹುಟ್ಟಿದವರು; ರೊಕೇಯಾರಿಗಿಂತ ಇಪ್ಪತ್ತೈದು ವರ್ಷಕ್ಕೆ ಹಿರಿಯರು. ಮನೆಯ ಹುಡುಗರು ಪಾಠ ಒಪ್ಪಿಸುವುದನ್ನು ಕೇಳಿ ಕೇಳಿ, ಅಂಗಳದ ನೆಲದ ಮೇಲೆ ಕಡ್ಡಿಯಿಂದ ಗೀರಿ, ಬಂಗಾಳಿ ಅಕ್ಷರಗಳನ್ನು ತಾವೇ ಕಲಿತವರು. ಒಂದು ದಿನ ಬಂಗಾಳಿ ಪುಸ್ತಕವೊಂದನ್ನು ಓದುತ್ತಿದ್ದಾಗ ತಂದೆಯ ಕಣ್ಣಿಗೆ ಬಿದ್ದರು. ಭಯದಿಂದ ನಡುಗಿದ ಮಗಳನ್ನು ತಂದೆ ಗದರಿಸಲಿಲ್ಲ. ಓದಿಗೆ ಅನುಕೂಲವನ್ನೇ ಮಾಡಿಕೊಡಲು ಹೊರಟರು. ಆದರೆ ನೆಂಟರಿಷ್ಟರ ನಿಂದೆ ಎದ್ದಾಗ ಅವರ ಧೈರ್ಯ ಉಳಿಯಲಿಲ್ಲ. ಓದು ನಿಂತಿತು, ಹದಿನಾಲ್ಕು ಹದಿನೈದರ ಪ್ರಾಯಕ್ಕೆ ಮದುವೆಯೂ ಆಗಿಹೋಯಿತು. ಕೆಲವೇ ವರ್ಷಗಳಲ್ಲಿ ವೈಧವ್ಯವೂ ಬಂದೊದಗಿತು.

ಇಷ್ಟಾದರೂ ಕರೀಮುನ್ನೀಸಾ ಅವರು ಪುಸ್ತಕವನ್ನು ಬಿಡಲಿಲ್ಲ. ಕವಿತೆ ರಚಿಸಿದರು, ಸಾಹಿತಿಗಳಿಗೆ ಆಶ್ರಯ ನೀಡಿದರು. ಬಂಗಾಳಿಯ ಪ್ರಸಿದ್ಧ ಗದ್ಯಕಾರ ಮೀರ್ ಮುಷರ್ರಫ್ ಹುಸೇನರು ತಮ್ಮ ‘ವಿಷಾದ ಸಿಂಧು’ ಎಂಬ ಮಹಾಕೃತಿಯನ್ನು ಅರ್ಪಿಸಿದ್ದು ಈ ಮಹಿಳೆಗೇ. ತನಗೆ ನಿರಾಕರಿಸಲ್ಪಟ್ಟ ವಿದ್ಯೆಯನ್ನು ಚಿಕ್ಕ ತಂಗಿಗೆ ಧಾರೆಯೆರೆದವರೂ ಇವರೇ. ಈಶ್ವರಚಂದ್ರ ವಿದ್ಯಾಸಾಗರರ ‘ವರ್ಣಪರಿಚಯ’ವೆಂಬ ಬಾಲಬೋಧೆಯ ಮೂಲಕ ರೊಕೇಯಾರಿಗೆ ಬಂಗಾಳಿ ಅಕ್ಷರಾಭ್ಯಾಸವಾಯಿತು.

ಈ ಋಣವನ್ನು ರೊಕೇಯಾ ಅವರು ಬರಹದಲ್ಲಿ ಒಪ್ಪಿಕೊಂಡ ರೀತಿ ಮನನೀಯವಾದುದು. 1922ರಲ್ಲಿ ಪ್ರಕಟವಾದ ‘ಮೋತಿಚೂರ್’ ಎರಡನೆಯ ಭಾಗವನ್ನು ಅವರು ಅಕ್ಕನಿಗೆ ಅರ್ಪಿಸಿದರು. ಆ ಅರ್ಪಣೆಯಲ್ಲಿ ಬರಿಯ ಪ್ರಶಂಸೆಯಿಲ್ಲ, ಲೆಕ್ಕವಿದೆ. ಉಳಿದವರು ಉರ್ದು, ಪಾರ್ಸಿ ಓದಿಗೆ ಅಡ್ಡಿ ಮಾಡಲಿಲ್ಲವಾದರೂ ಬಂಗಾಳಿಯನ್ನು ವಿರೋಧಿಸಿದರು. ಅಕ್ಕನೊಬ್ಬಳೇ ಅದಕ್ಕೆ ಒತ್ತಾಸೆಯಾದಳು ಎನ್ನುತ್ತಾರೆ. ಮದುವೆಯಾದ ಮೇಲೆ ತಂಗಿ ಬಂಗಾಳಿಯನ್ನು ಮರೆತಾಳೆಂದು ಅಕ್ಕನಿಗೆ ಆತಂಕವಿತ್ತಂತೆ. ಬಂಗಾಳಿಯಲ್ಲಿ ಮಾತನಾಡುವ ಒಬ್ಬರೂ ಇಲ್ಲದ ಭಾಗಲಪುರದಲ್ಲಿ ಹದಿನಾಲ್ಕು ವರ್ಷ ಇದ್ದೂ, ಆಮೇಲೆ ಕಲಕತ್ತೆಯಲ್ಲಿ ಉರ್ದು ಶಾಲೆಯೊಂದನ್ನು ಹನ್ನೊಂದು ವರ್ಷ ನಡೆಸಿಯೂ ಆ ಭಾಷೆ ತನ್ನಲ್ಲಿ ಉಳಿದಿದ್ದರೆ ಅದು ಅಕ್ಕನ ದೆಸೆಯಿಂದ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಏನನ್ನು ಪಡೆದೆ, ಯಾರಿಂದ ಪಡೆದೆ, ಯಾವ ವಿರೋಧದ ನಡುವೆ ಪಡೆದೆ, ಎಷ್ಟು ಕಾಲ ಉಳಿಸಿಕೊಂಡೆ ಎಂಬ ನಾಲ್ಕೂ ಅಂಶಗಳು ಇಲ್ಲಿವೆ. ಮೇಲೆ ಹೇಳಿದ ‘ಕೃತ-ಜ್ಞ’ ಶಬ್ದಕ್ಕೆ ಇದಕ್ಕಿಂತ ನಿಖರವಾದ ವ್ಯಾಖ್ಯಾನ ದುರ್ಲಭ.

ಕರೀಮುನ್ನೀಸಾ ಅವರು 1926ರಲ್ಲಿ ತೀರಿಕೊಂಡರು. ಅರ್ಪಣೆ ಪ್ರಕಟವಾದದ್ದು ಅದಕ್ಕೆ ನಾಲ್ಕು ವರ್ಷ ಮೊದಲು. ಗುರುಗಳು ಗತಿಸಿದ ಮೇಲೆ ಸ್ಮಾರಕ ಲೇಖನ ಬರೆಯುವುದು ಲೋಕರೂಢಿ. ರೊಕೇಯಾ ಅದನ್ನೂ ಬರೆದರು. ಆದರೆ ಅದಕ್ಕೆ ಮೊದಲೇ, ಅಕ್ಕನ ಕಣ್ಣು ಓದಬಲ್ಲ ಕಾಲದಲ್ಲಿಯೇ, ಋಣವನ್ನು ಹೇಳಿಕೊಂಡಿದ್ದರು.

ಅಣ್ಣನ ಋಣ

ಎರಡನೆಯ ಗುರು ಹಿರಿಯಣ್ಣ ಇಬ್ರಾಹಿಂ ಸಾಬೆರರು. ಕಲಕತ್ತೆಯಲ್ಲಿ ಇಂಗ್ಲಿಷ್ ವಿದ್ಯಾಭ್ಯಾಸ ಪಡೆದಿದ್ದ ಅವರು ರಜೆಯಲ್ಲಿ ಊರಿಗೆ ಬಂದಾಗ, ಮನೆಮಂದಿಯೆಲ್ಲ ನಿದ್ರೆಹೋದ ಮೇಲೆ, ಮೇಣದಬತ್ತಿಯ ಬೆಳಕಿನಲ್ಲಿ ತಂಗಿಗೆ ಇಂಗ್ಲಿಷ್ ಕಲಿಸುತ್ತಿದ್ದರು. ಹಗಲಿನಲ್ಲಿ ನಡೆದರೆ ನಿಂತುಹೋಗುವ ಪಾಠ ಅದು. ಚಿತ್ರಗಳುಳ್ಳ ದೊಡ್ಡ ಇಂಗ್ಲಿಷ್ ಪುಸ್ತಕವೊಂದನ್ನು ತಂಗಿಯ ಮುಂದೆ ತೆರೆದಿಟ್ಟು, ಈ ಭಾಷೆಯನ್ನು ಕಲಿತರೆ ಲೋಕದ ಜ್ಞಾನಭಂಡಾರವೇ ನಿನಗೆ ತೆರೆಯುತ್ತದೆ ಎಂಬ ಅರ್ಥದ ಮಾತನ್ನು ಅವರು ಹೇಳಿದರೆಂದು ರೊಕೇಯಾರ ಜೀವನಚರಿತ್ರೆಯಲ್ಲಿ ದಾಖಲಾಗಿದೆ.

1924ರಲ್ಲಿ ಪ್ರಕಟವಾದ ‘ಪದ್ಮರಾಗ’ ಎಂಬ ಕಾದಂಬರಿಯನ್ನು ರೊಕೇಯಾ ಈ ಅಣ್ಣನಿಗೆ ಅರ್ಪಿಸಿದರು. ತನ್ನನ್ನು ಅಣ್ಣನೇ ಕೈಯಾರೆ ರೂಪಿಸಿದನೆಂದೂ, ತಂದೆ, ತಾಯಿ, ಗುರು, ಶಿಕ್ಷಕ ಎಂದರೆ ಹೇಗಿರುತ್ತಾರೆಂಬುದು ತನಗೆ ತಿಳಿಯದು, ತಾನು ಬಲ್ಲದ್ದು ಅಣ್ಣನೊಬ್ಬನನ್ನೇ ಎಂದೂ ಆ ಅರ್ಪಣೆಯ ಭಾವ. ನಲವತ್ತು ದಾಟಿದ, ಹೆಸರು ಪಡೆದ ಶಿಕ್ಷಣತಜ್ಞೆಯೊಬ್ಬರು ಇಷ್ಟು ಸರಳವಾಗಿ ತಮ್ಮ ಹಿರಿಮೆಯನ್ನೆಲ್ಲ ಮತ್ತೊಬ್ಬರ ಲೆಕ್ಕಕ್ಕೆ ಬರೆದದ್ದು ವಿನಯದ ಪ್ರದರ್ಶನಕ್ಕಲ್ಲ. ಅವರ ಮಟ್ಟಿಗೆ ಅದು ಅಕ್ಷರಶಃ ಸತ್ಯವಾಗಿತ್ತು.

ಇದೇ ‘ಪದ್ಮರಾಗ’ದ ಮುನ್ನುಡಿಯಲ್ಲಿ ಅವರೊಂದು ದೃಷ್ಟಾಂತವನ್ನು ಹೇಳುತ್ತಾರೆ. ಧರ್ಮಜಿಜ್ಞಾಸುವೊಬ್ಬನು ಒಬ್ಬ ಮುಸಲ್ಮಾನ ದರವೇಶಿಯಲ್ಲಿಗೆ ಹೋದಾಗ ಆತ ಅವನನ್ನು ತನ್ನ ಗುರುವಿನ ಬಳಿಗೆ ಕರೆದೊಯ್ಯುತ್ತಾನೆ. ಆ ಗುರು ಹಿಂದೂ. ಆ ಹಿಂದೂ ಗುರುವಿಗೂ ಒಬ್ಬ ಗುರುವಿದ್ದಾನೆ; ಆತ ಮತ್ತೆ ಮುಸಲ್ಮಾನ. ವಿಸ್ಮಯಗೊಂಡ ಶಿಷ್ಯನಿಗೆ ಧರ್ಮವನ್ನು ಮೂರಂತಸ್ತಿನ ಮನೆಗೆ ಹೋಲಿಸಿ ಸಮಾಧಾನ ದೊರೆಯುತ್ತದೆ. ಕೆಳಗಿನ ಅಂತಸ್ತಿನಲ್ಲಿ ಪಂಥ ಉಪಪಂಥಗಳ ಅನೇಕ ಕೋಣೆಗಳು. ನಡುವಣದರಲ್ಲಿ ಒಂದೊಂದು ಮತಕ್ಕೆ ಒಂದೊಂದು. ಮೇಲಿನದರಲ್ಲಿ ಭೇದಗಳಿಲ್ಲದ ಒಂದೇ ಒಂದು. ಗುರುವಿಗೂ ಗುರುವುಂಟು, ಆ ಸರಪಳಿ ಒಂದು ಮತದ ಬೇಲಿಯೊಳಗೆ ಮುಗಿಯುವುದಿಲ್ಲವೆಂಬುದು ಇದರ ತಾತ್ಪರ್ಯ. ಕಾದಂಬರಿಯಲ್ಲಿ ಬರುವ ‘ತಾರಿಣೀ ಭವನ’ವು ಈ ಮಾತಿಗೆ ಉದಾಹರಣೆಯಂತಿದೆ. ಬ್ರಹ್ಮಸಮಾಜದ ವಿಧವೆಯೊಬ್ಬಳು ಸ್ಥಾಪಿಸಿದ ಆ ಆಶ್ರಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸ್ತ್ರೀಯರು ಕೂಡಿ ಬಾಳುತ್ತ, ಶಾಲೆ ನಡೆಸುತ್ತ, ರೋಗಿಗಳ ಶುಶ್ರೂಷೆ ಮಾಡುತ್ತಾರೆ.

ಪತಿಯ ಋಣ

ಅಣ್ಣನೇ ಮುಂದಾಗಿ ನಿಂತು ತಂಗಿಯ ವಿವಾಹವನ್ನು ಭಾಗಲಪುರದ ಸೈಯದ್ ಸಖಾವತ್ ಹುಸೇನರೊಡನೆ ನೆರವೇರಿಸಿದರು. ವರನು ವಿಧುರ, ವಯಸ್ಸಿನಲ್ಲಿ ಬಹಳ ಹಿರಿಯ, ಉರ್ದು ಮಾತೃಭಾಷೆಯವನು, ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಹುದ್ದೆಯಲ್ಲಿದ್ದವನು. ಇಂದಿನ ದೃಷ್ಟಿಗೆ ಈ ಸಂಬಂಧ ವಿಷಮವಾಗಿ ಕಾಣಬಹುದು. ಆದರೆ ಓದುವ ಹೆಂಡತಿಯನ್ನು ಸಹಿಸುವ ಗಂಡಂದಿರೇ ವಿರಳವಾಗಿದ್ದ ಆ ಕಾಲದಲ್ಲಿ, ಓದಿಸುವ ಗಂಡನನ್ನು ಅಣ್ಣ ಹುಡುಕಿದ್ದನು.

ಸಖಾವತರು ಪತ್ನಿಯ ಇಂಗ್ಲಿಷ್ ಅಭ್ಯಾಸವನ್ನು ಮುಂದುವರಿಸಿದರು, ಬರೆಯಲು ಪ್ರೋತ್ಸಾಹಿಸಿದರು. ಅವರು ಸರ್ಕಾರಿ ಪ್ರವಾಸದಲ್ಲಿದ್ದಾಗ ರೊಕೇಯಾ ಕಾಲ ಕಳೆಯಲೆಂದು ಇಂಗ್ಲಿಷಿನಲ್ಲಿ ಒಂದು ಕಥೆ ಬರೆದರು. ಗಂಡಸರು ಮನೆಯೊಳಗೆ ಪರದೆಯಲ್ಲಿದ್ದು, ಹೆಂಗಸರು ವಿಜ್ಞಾನಬಲದಿಂದ ರಾಜ್ಯವಾಳುವ ಒಂದು ಕನಸಿನ ನಾಡಿನ ಕಥೆ ಅದು. ಹಿಂದಿರುಗಿದ ಪತಿ ನಿಂತ ನಿಲುವಿನಲ್ಲಿಯೇ ಅದನ್ನು ಓದಿ ಮುಗಿಸಿ, ಇದು ಭಯಂಕರವಾದ ಸೇಡು ಎಂದು ಉದ್ಗರಿಸಿದರಂತೆ. ಆದರೆ ಹಸ್ತಪ್ರತಿಯನ್ನು ಹರಿದೊಗೆಯಲಿಲ್ಲ. ಪ್ರಕಟಣೆಗೆ ಅವರೇ ಉತ್ತೇಜನವಿತ್ತರು. ‘ಸುಲ್ತಾನಳ ಕನಸು’ ಎಂಬ ಆ ಕಥೆ 1905ರಲ್ಲಿ ನಮ್ಮ ದಕ್ಷಿಣದ ಮದರಾಸಿನಿಂದ ಹೊರಡುತ್ತಿದ್ದ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಬೆಳಕು ಕಂಡಿತು. ತನ್ನ ವರ್ಗವನ್ನೇ ಪರಿಹಾಸ್ಯ ಮಾಡಿದ ಬರಹವನ್ನು ಮೆಚ್ಚುವ ಗುರುವಿನ ಹೃದಯ ದೊಡ್ಡದು. ಶಿಷ್ಯರು ತಮ್ಮನ್ನು ಪ್ರಶ್ನಿಸಿದಾಗ ಕೆರಳುವ ಅಧ್ಯಾಪಕರು ನಾವು ಇದನ್ನು ನೆನೆಯುವುದು ಒಳ್ಳೆಯದು.

1909ರ ಮೇ 3ರಂದು ಸಖಾವತರು ನಿಧನರಾದರು. ಹೆಣ್ಣುಮಕ್ಕಳ ಶಾಲೆಗಾಗಿ ಹತ್ತು ಸಾವಿರ ರೂಪಾಯಿಗಳನ್ನು ಅವರು ಪ್ರತ್ಯೇಕವಾಗಿ ತೆಗೆದಿರಿಸಿದ್ದರು.

ಋಣಸಂದಾಯ

ಪತಿ ಗತಿಸಿ ಐದು ತಿಂಗಳು ತುಂಬುವ ಮುನ್ನವೇ, 1909ರ ಅಕ್ಟೋಬರ್ 1ರಂದು, ರೊಕೇಯಾ ಅವರು ಭಾಗಲಪುರದಲ್ಲಿ ಐವರು ಬಾಲಿಕೆಯರೊಂದಿಗೆ ಶಾಲೆ ತೆರೆದರು. ಶಾಲೆಗೆ ಇಟ್ಟ ಹೆಸರು ತಮ್ಮದಲ್ಲ, ಪತಿಯದು. ಆಸ್ತಿಯ ಕಾರಣದಿಂದ ಕೌಟುಂಬಿಕ ಕಲಹವೆದ್ದು ಅವರು ಭಾಗಲಪುರವನ್ನೇ ಬಿಡಬೇಕಾಯಿತು. 1911ರ ಮಾರ್ಚ್ 16ರಂದು ಕಲಕತ್ತೆಯ ವಲೀಉಲ್ಲಾ ಲೇನಿನ ಬಾಡಿಗೆ ಮನೆಯಲ್ಲಿ ಎಂಟು ವಿದ್ಯಾರ್ಥಿನಿಯರೊಡನೆ ‘ಸಖಾವತ್ ಮೆಮೋರಿಯಲ್ ಬಾಲಿಕಾ ಪಾಠಶಾಲೆ’ ಮತ್ತೆ ಆರಂಭವಾಯಿತು.

ತಾವೆಂದೂ ಶಾಲೆಗೆ ಹೋಗದವರು ಶಾಲೆ ನಡೆಸುವುದು ಹೇಗೆ? ಮೊದಲ ಐವರು ಹುಡುಗಿಯರು ಬಂದು ಕುಳಿತಾಗ, ಒಬ್ಬಳೇ ಉಪಾಧ್ಯಾಯಿನಿ ಏಕಕಾಲದಲ್ಲಿ ಐದು ಮಕ್ಕಳಿಗೆ ಪಾಠ ಹೇಳುವುದು ಹೇಗೆ ಸಾಧ್ಯವೆಂದು ತಮಗೆ ಅಚ್ಚರಿಯಾಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಅವರು ಕಂಡಿದ್ದ ಪಾಠವೆಲ್ಲ ಒಬ್ಬರೆದುರು ಒಬ್ಬರು, ಮೇಣದಬತ್ತಿಯ ಬಳಿ ಕುಳಿತ ಪಾಠ. ಈ ಕೊರತೆಯನ್ನು ಅವರು ಮುಚ್ಚಿಡಲಿಲ್ಲ. ಕಲಕತ್ತೆಯ ಬ್ರಾಹ್ಮ ಬಾಲಿಕಾ ಶಾಲೆ ಮೊದಲಾದೆಡೆಗೆ ಹೋಗಿ, ತರಗತಿಗಳಲ್ಲಿ ಕುಳಿತು, ಪಾಠಕ್ರಮವನ್ನೂ ಆಡಳಿತವನ್ನೂ ನೋಡಿ ಕಲಿತರು. ಮುಖ್ಯೋಪಾಧ್ಯಾಯಿನಿಯಾದ ಮೇಲೂ ವಿದ್ಯಾರ್ಥಿನಿಯಾಗಿಯೇ ಉಳಿದರು.

ಶಾಲೆಗೆ ಮಕ್ಕಳನ್ನು ಕೂಡಿಸುವುದು ಅದಕ್ಕಿಂತ ಕಷ್ಟವಾಗಿತ್ತು. ತಾವೂ ಬುರ್ಖಾ ಧರಿಸಿ ಮನೆಮನೆಗೆ ಹೋಗಿ ಪೋಷಕರನ್ನು ಒಪ್ಪಿಸಿದರು. ಪರದೆ ತಪ್ಪದೆಂದು ಭರವಸೆಯಿತ್ತರು. ಮಕ್ಕಳನ್ನು ಕರೆತರುವ ಗಾಡಿಯ ಅವಸ್ಥೆಯನ್ನು 1931ರ ‘ಅವರೋಧವಾಸಿನಿ’ಯಲ್ಲಿ ಅವರು ವರ್ಣಿಸಿದ್ದಾರೆ. ಎಲ್ಲ ಕಡೆಯಿಂದಲೂ ಮುಚ್ಚಿದ ಗಾಡಿಯ ಕತ್ತಲೆಯಲ್ಲಿ ಗಾಳಿಯಿಲ್ಲದೆ ಮಕ್ಕಳು ಮೂರ್ಛೆಹೋದರು, ವಾಂತಿ ಮಾಡಿಕೊಂಡರು. ಕಿಟಕಿ ತೆರೆದು ಬಟ್ಟೆಯ ಪರದೆ ಇಳಿಬಿಟ್ಟರೆ, ಅದು ಗಾಳಿಗೆ ಹಾರಿ ಪರದೆ ಕೆಡುತ್ತಿದೆಯೆಂದು ಬೆದರಿಕೆಯ ಪತ್ರಗಳು ಬಂದವು. ಮಕ್ಕಳಿಗೆ ಉಸಿರಾಡಲು ಗಾಳಿ ಬೇಕು, ಶಾಲೆ ಬದುಕಲು ಪೋಷಕರ ಒಪ್ಪಿಗೆ ಬೇಕು. ಈ ಎರಡರ ನಡುವೆ ಅವರು ಪ್ರತಿದಿನವೂ ದಾರಿ ಹುಡುಕಬೇಕಾಗಿತ್ತು. ಹೀಗಿದ್ದೂ 1915ರ ವೇಳೆಗೆ ವಿದ್ಯಾರ್ಥಿನಿಯರ ಸಂಖ್ಯೆ 84ಕ್ಕೆ ಏರಿತು. 1930ರ ಹೊತ್ತಿಗೆ ಶಾಲೆ ಹೈಸ್ಕೂಲಾಯಿತು. 1916ರಲ್ಲಿ ‘ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ’ ಎಂಬ ಮಹಿಳಾ ಸಂಘವನ್ನು ಸ್ಥಾಪಿಸಿ, ಬಡ ಸ್ತ್ರೀಯರಿಗೂ ವಿಧವೆಯರಿಗೂ ನೆರವಾದರು.

ಇಲ್ಲಿ ಒಂದು ಶಂಕೆ ಏಳಬಹುದು. ತಾವು ಬೆಳೆದ ಮನೆತನದ ಆಚಾರಗಳನ್ನೂ ತಮ್ಮ ಸಮಾಜದ ಜಡತೆಯನ್ನೂ ಇಷ್ಟು ತೀಕ್ಷ್ಣವಾಗಿ ಖಂಡಿಸಿದವರನ್ನು ಕೃತಜ್ಞರೆನ್ನಬಹುದೆ? ಅನ್ನಲೇಬೇಕು. ಕೃತಜ್ಞತೆಯೆಂದರೆ ಹಿರಿಯರು ಮಾಡಿದ್ದೆಲ್ಲವೂ ಸರಿಯೆಂದು ತಲೆದೂಗುವುದಲ್ಲ. ಅಕ್ಕನ ಕೈಯಿಂದ ಪುಸ್ತಕವನ್ನು ಕಸಿದುಕೊಂಡ ಪದ್ಧತಿಯನ್ನು ಹೊಗಳುವುದು ಅಕ್ಕನಿಗೆ ಮಾಡುವ ದ್ರೋಹವಾಗುತ್ತಿತ್ತು. ಗೋಡೆಯನ್ನು ಖಂಡಿಸಿ, ಆ ಗೋಡೆಯಲ್ಲಿ ಬೆಳಕಿಂಡಿ ಕೊರೆದವರನ್ನು ವಂದಿಸುವ ವಿವೇಕ ರೊಕೇಯಾರದು. ಅಕ್ಕ ಕದ್ದು ಕಲಿತಳು; ಅಣ್ಣ ನಡುರಾತ್ರಿ ಕಲಿಸಿದನು. ತಂಗಿ ಅದನ್ನೇ ಹಾಡುಹಗಲಿನಲ್ಲಿ, ಗಂಟೆ ಬಾರಿಸಿ, ಹಾಜರಿ ಕೂಗಿ, ನೂರಾರು ಹುಡುಗಿಯರಿಗೆ ಕಲಿಸುವಂತೆ ಮಾಡಿದರು. ಅಂಜಿಕೆಯಿಂದ ನಡೆಯುತ್ತಿದ್ದ ವಿದ್ಯಾದಾನವನ್ನು ಅಂಜಿಕೆಯಿಲ್ಲದ್ದನ್ನಾಗಿ ಮಾಡಿದ್ದೇ ಅವರ ಋಣಸಂದಾಯ.

ಮುಂದುವರಿದ ಸರಪಳಿ

1932ರ ಡಿಸೆಂಬರ್ 9ರಂದು ರೊಕೇಯಾ ಅವರು ಕಲಕತ್ತೆಯಲ್ಲಿ ದಿವಂಗತರಾದರು. ಹಿಂದಿನ ರಾತ್ರಿ ಬರೆಯುತ್ತಿದ್ದ ‘ನಾರಿಯ ಅಧಿಕಾರ’ ಎಂಬ ಲೇಖನ ಮುಗಿಯದೆ ಮೇಜಿನ ಮೇಲೆಯೇ ಉಳಿದಿತ್ತು. ಉಳಿದ ಕೆಲಸವನ್ನು ಕೈಗೆತ್ತಿಕೊಳ್ಳುವವರು ಆಗಲೇ ಸಿದ್ಧರಾಗಿದ್ದರು. ಅವರ ಮಾರ್ಗದರ್ಶನದಲ್ಲಿ ಬೆಳೆದ ಶಂಸುನ್ನಹಾರ್ ಮಹಮೂದರು 1937ರಲ್ಲಿ ‘ರೊಕೇಯಾ ಜೀವನಿ’ಯನ್ನು ಪ್ರಕಟಿಸಿದರು, ಕಲಕತ್ತೆಯ ಲೇಡಿ ಬ್ರೇಬೋರ್ನ್ ಕಾಲೇಜಿನಲ್ಲಿ ಬಂಗಾಳಿ ಅಧ್ಯಾಪಿಕೆಯಾದರು. ಅಕ್ಕನು ಕಡ್ಡಿಯಿಂದ ಗೀರಿ ಕಲಿತ ಭಾಷೆ ಕಾಲೇಜಿನ ಪೀಠವನ್ನೇರಿತು. ಅಂಜುಮನ್‌ನಲ್ಲಿ ರೊಕೇಯಾರೊಡನೆ ದುಡಿದ ಸೂಫಿಯಾ ಕಮಾಲರು ಬಂಗಾಳಿಯ ಗಣ್ಯ ಕವಯಿತ್ರಿಯಾಗಿ 1999ರವರೆಗೆ ಬಾಳಿದರು. ಸಖಾವತರ ಹೆಸರಿನ ಬಾಲಿಕಾ ಶಾಲೆ ಇಂದು ಸರ್ಕಾರಿ ಪ್ರೌಢಶಾಲೆಯಾಗಿ ಕೋಲ್ಕತ್ತಾದಲ್ಲಿ ನಡೆಯುತ್ತಿದೆ. ಬಾಂಗ್ಲಾದೇಶದಲ್ಲಿ ಡಿಸೆಂಬರ್ 9 ರೊಕೇಯಾ ದಿನವಾಗಿದೆ.

ಈ ಸಂಪುಟವನ್ನು ಕೈಯಲ್ಲಿ ಹಿಡಿದಿರುವವರಲ್ಲಿ ಅಧ್ಯಾಪಕರಿದ್ದಾರೆ, ಹಳೆಯ ವಿದ್ಯಾರ್ಥಿಗಳಿದ್ದಾರೆ, ದಾನಿಗಳಿದ್ದಾರೆ. ಮೂವರಿಗೂ ಈ ಚರಿತ್ರೆಯಲ್ಲಿ ಸಲ್ಲುವ ಮಾತುಂಟು. ದಾನಿಗಳಿಗೆ: ಸಖಾವತರು ಕೊಟ್ಟ ಹಣ ತೀರಿಹೋದರೂ ಅವರ ಹೆಸರು ಉಳಿದದ್ದು, ಆ ಹಣವನ್ನು ನೆಚ್ಚಿ ಒಬ್ಬರು ತಮ್ಮ ಬಾಳನ್ನೇ ಸವೆಸಿದ್ದರಿಂದ. ಅಧ್ಯಾಪಕರಿಗೆ: ಪೀಠ, ಪದವಿ, ಪುಸ್ತಕಭಂಡಾರ ಯಾವುದೂ ಇಲ್ಲದ ಅಕ್ಕನೊಬ್ಬಳ ಅಕ್ಷರಾಭ್ಯಾಸವೂ ಒಂದು ವಿದ್ಯಾಸಂಸ್ಥೆಯ ಬೀಜವಾಗಬಲ್ಲದು, ಆದುದರಿಂದ ಯಾವ ಪಾಠವನ್ನೂ ಸಣ್ಣದೆಂದು ತಿಳಿಯಲಾಗದು. ಹಳೆಯ ವಿದ್ಯಾರ್ಥಿಗಳಿಗೆ: ನಿಮಗೆ ಕಲಿಸಿದವರ ಹೆಸರನ್ನೂ, ಅವರು ಕಲಿಸಿದ್ದು ಇಂಥದೇ ಎಂಬುದನ್ನೂ, ಅವರು ಬದುಕಿರುವಾಗಲೇ ಬರೆದು ತಿಳಿಸಿರಿ. ಆಮೇಲೆ ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಓದು ನಿಂತುಹೋದ ಮಗುವೊಂದಿದ್ದರೆ ಅದನ್ನು ಶಾಲೆಗೆ ಕರೆತನ್ನಿರಿ. ಗುರುಋಣ ತೀರುವುದು ಆ ಮಗುವಿನ ಕೈಯಲ್ಲಿ.